ಸೀಸದ ಗುಂಡಿಗೆ ಬೆಣ್ಣೆ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಬ್ಯಾರೆನ್‌ಜೋಯಿಯ ಲೈಟ್‌ಹೌಸ್ ಕಾಣದಾಯಿತು. ಫ್ಲಾಸ್ಕಿನ ಚಹಾವನ್ನು ಮೂರು ಗಂಟೆಯವರೆಗೆ ಯಾರೂ ಮುಟ್ಟಕೂಡದೆಂದು ಡಾಕ್ಟ್ರಂಕಲ್ ಆಜ್ಞೆ ಮಾಡಿದ್ದರು. ನಾನು ಕೈಗಡಿಯಾರ ನೋಡಿ, ಇನ್ನೂ ಇಪ್ಪತ್ತು ನಿಮಿಷ ಎಂದುಕೊಂಡು ತಲೆ ಎತ್ತಿದೆ. ಗುಡ್ಡದ ಮೇಲಿನ ಲೈಟ್‌ಹೌಸ್ ಇರಲಿಲ್ಲ. ಗುಡ್ಡವೂ ಇರಲಿಲ್ಲ. ಉತ್ತರದ ಕಡೆಯಿಂದ ಮಂಜು ಬಂದು ನಮ್ಮ ಸುತ್ತ ಕೂತುಬಿಟ್ಟಿತ್ತು. ದೋಣಿಯ ಮೂತಿಯ ಆಚೆ ಹತ್ತು ಮಾರು ನೀರು ಕಾಣುತ್ತಿತ್ತು, ಅಷ್ಟೆ.

ಸಿಡ್ನಿಯ ದಡದಿಂದ ಸುಮಾರು ಮೂರು ಮೈಲಿ ದೂರದಲ್ಲಿದ್ದೆವು. ಇಪ್ಪತ್ತಾರು ಅಡಿಯ ಹಾಯಿದೋಣಿ. ಅದರಲ್ಲಿ ನಾನು, ನನ್ನ ಗಂಡ ಕಾರ್ತಿಕ್, ಮತ್ತು ದೋಣಿಯ ಯಜಮಾನರಾದ ಎಪ್ಪತ್ತೆರಡರ ಡಾಕ್ಟ್ರಂಕಲ್.

"ಅಂಕಲ್, ಸಾಕು ನಿಮ್ಮ ಓಲ್ಡ್ ಸ್ಟೈಲು. ಜಿಪಿಎಸ್ ಆನ್ ಮಾಡ್ತೀನಿ," ಎಂದು ಕಾರ್ತಿಕ್ ಗುಂಡಿ ಒತ್ತಿದ. ಪರದೆ ಕಪ್ಪಗೇ ಇತ್ತು. ಇಂಜಿನ್ನಿನ ಗುಂಡಿ ಒತ್ತಿದ. ಅದು ಕೆಮ್ಮಲೂ ಇಲ್ಲ.

"ಬ್ಯಾಟರಿ ಫುಲ್ ಡೆಡ್, ಅಂಕಲ್."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ಸೀರಿಯಲ್ ಲೈಟು," ಎಂದರು.

ಹಿಂದಿನ ದಿನ ನಾವು ಆ ದೋಣಿಗೆ ಆಯುಧಪೂಜೆ ಮಾಡಿದ್ದೆವು. ಇಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ. ಕುಂಬಳಕಾಯಿ ಒಡೆಯಲು ದೋಣಿಕಟ್ಟೆಯವರು ಬಿಡಲಿಲ್ಲ. ನಿಂಬೆಹಣ್ಣು ಇಡಲು ದೋಣಿಗೆ ಚಕ್ರವಿಲ್ಲದ್ದರಿಂದ ಲಂಗರಿನ ಕೆಳಗೆ ಇಟ್ಟು ಹಿಂಡಿದೆವು. ಕಂಬಕ್ಕೆ ಸುತ್ತಿದ್ದ ಬಣ್ಣದ ದೀಪಗಳನ್ನು ಸಂಜೆ ಕಾರ್ತಿಕ್ ಆರಿಸಲು ಹೋದಾಗ, "ಇರಲಿ ಬಿಡೋ ತಮ್ಮಾ, ನೀರಾಗ ಚೆಂದ ಕಾಣ್ತಾವ," ಎಂದವರು ಅಂಕಲ್ಲೇ. ರಾತ್ರಿಯಿಡೀ ಅವು ಬ್ಯಾಟರಿ ಕುಡಿದಿದ್ದವು. ಬೆಳಿಗ್ಗೆ ಇಂಜಿನ್ ಹಾಕದೆ ಬರೀ ಹಾಯಿಯಲ್ಲೇ ಹೊರಡುವುದು ಅವರ ಹೆಮ್ಮೆಯಾದ್ದರಿಂದ ಯಾರಿಗೂ ತಿಳಿಯಲಿಲ್ಲ. ನಮ್ಮ ಫೋನುಗಳು ಅವರ ಇನ್ನೊಂದು ನಿಯಮದಂತೆ ಕಾರಿನಲ್ಲೇ ಉಳಿದಿದ್ದವು. ಕೈಯಲ್ಲಿ ಹಿಡಿಯುವ ಒಂದು ಸಣ್ಣ ರೇಡಿಯೋ ಮಾತ್ರ ಜೀವಂತವಾಗಿತ್ತು.

ಆ ದಿನವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಇಲ್ಲಿ ನಿಂತುಬಿಡುತ್ತದೆ. ಆಗ ಅವರ ಗ್ಯಾರೇಜು ನೆನಪಾಗುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ಆಪರೇಷನ್ ಟೇಬಲಿನ ಮೇಲೆ ಮಲಗಿಕೊಂಡು. ಸಿಡ್ನಿಗೆ ಬಂದು ಆರು ತಿಂಗಳಾಗಿತ್ತು, ಅಪೆಂಡಿಕ್ಸ್. ಹೆಸರು ಓದಿ ಕನ್ನಡದವಳೆಂದು ಗುರುತಿಸಿದ ಅರಿವಳಿಕೆ ಡಾಕ್ಟರು ಮಾಸ್ಕಿನ ಒಳಗಿಂದಲೇ, "ಹೆದರಬ್ಯಾಡ ತಂಗಿ. ಹತ್ತರಿಂದ ಹಿಂದಕ್ಕ ಎಣಸು, ಕನ್ನಡದಾಗ," ಎಂದರು. ಗದಗಿನ ಕಡೆಯ ಆ ರಾಗ ಕೇಳಿ ಅರ್ಧ ಭಯ ಅಲ್ಲೇ ಇಳಿಯಿತು. ಆರಕ್ಕೆ ಬರುವಷ್ಟರಲ್ಲಿ ನಿದ್ದೆ ಬಂದಿತ್ತು. ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದರು. "ಆರರ ತನಕ ಹೋದಿ. ಗಟ್ಟಿ ಇದ್ದಿ," ಎಂದರು.

ಅವರ ಮನೆ ಎಪ್ಪಿಂಗಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಬೀದಿ ಆಚೆ. ಕಾರು ಸದಾ ರಸ್ತೆಯಲ್ಲಿ ನಿಂತಿರುತ್ತಿತ್ತು. ಗ್ಯಾರೇಜು ಐನೂರು ವರ್ಷ ಹಿಂದಿನ ಸ್ಪೇನಿನ ಹಡಗುಗಳದ್ದು. ಗಂಟಲು ನೋಡುವಾಗ ನಾಲಿಗೆ ಒತ್ತುವ ಮರದ ಕಡ್ಡಿಗಳನ್ನು ಜೋಡಿಸಿ ಕ್ಯಾರವೆಲ್ ಎಂಬ ಸಣ್ಣ ಹಡಗು ಮಾಡಿದ್ದರು. ತ್ರಿಕೋನದ ಹಾಯಿ, ತೆಳು ಒಡಲು. ಪಕ್ಕದಲ್ಲಿ ಹೊಟ್ಟೆ ಉಬ್ಬಿದ ದೊಡ್ಡ ಸಾಮಾನಿನ ಹಡಗು. "ಇದು ಕುದುರಿ, ಅದು ಎಮ್ಮಿ," ಎಂದು ಪರಿಚಯ ಮಾಡಿಕೊಡುತ್ತಿದ್ದರು. "ಹುಡುಕಲಿಕ್ಕೆ ಕುದುರಿ ಬೇಕು. ಹುಡುಕಿದ ಮ್ಯಾಲೆ ಹೊತ್ತು ತರ್ಲಿಕ್ಕೆ ಎಮ್ಮಿ."

ಗೋಡೆಯಲ್ಲಿ ಆಸ್ಟ್ರೋಲೇಬ್ ತೂಗುತ್ತಿತ್ತು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ಅಳೆಯುವ, ನಡುನಡುವೆ ದೊಡ್ಡ ತೂತುಗಳಿದ್ದ ಹಿತ್ತಾಳೆಯ ಬಿಲ್ಲೆ. ಗಾಳಿ ಅದನ್ನು ಅಲುಗಿಸದೆ ಹಾದುಹೋಗಲಿ ಎಂದು ಆ ತೂತುಗಳು. ಅದನ್ನು ಅವರು ಹುಬ್ಬಳ್ಳಿಯಿಂದ ತಂದಿದ್ದ ಪರಾತ ಕತ್ತರಿಸಿ ಮಾಡಿದ್ದರು. ಆಂಟಿ ಬದುಕಿದ್ದಾಗ ಯಾರೇ ಬರಲಿ, ಚಹಾ ಕೊಡುವ ಮೊದಲು ಅದರ ದೂರು ಕೊಡುತ್ತಿದ್ದರು. "ನೋಡ್ರಿ, ನನ್ನ ಮದಿವಿ ಪರಾತ. ಹೋಳಗಿ ಹಿಟ್ಟು ಕಲಸಬೇಕಾದ್ದರಾಗ ಸೂರ್ಯನ್ನ ಹಿಡೀಲಿಕ್ಕೆ ಹೋಗ್ಯಾರ."

"ಹಿಡದೀನಲ್ಲ! ಅರ್ಧ ಡಿಗ್ರಿ ಅಷ್ಟ ತಪ್ಪು."

"ಹೋಳಗಿ ಒಂದೂ ತಪ್ಪುತ್ತಿರಲಿಲ್ಲ."

ಗದಗಿನಲ್ಲಿ ಸಮುದ್ರವಿಲ್ಲ. ಶಾಲೆಯ ಅಟ್ಲಾಸಿನಲ್ಲಿ ನೀಲಿಯ ಮೇಲೆ ಎಳೆದ ಚುಕ್ಕೆಗೆರೆ ಕಂಡು, 'ನೀರಾಗ ಚುಕ್ಕಿ ಇಟ್ಟಾವ ಯಾರು?' ಎಂದು ಮಾಸ್ತರರನ್ನು ಕೇಳಿ ಒದೆ ತಿಂದದ್ದು ಅವರ ಈ ಹುಚ್ಚಿನ ಮೂಲ. ಆ ಹಡಗಿನವರ ಬಗ್ಗೆ ಅವರಿಗೆ ಭ್ರಮೆಯೇನೂ ಇರಲಿಲ್ಲ. "ಲೂಟಿ ಮಾಡ್ಲಿಕ್ಕೆ ಹೋದ್ರು. ಊರು ಸುಟ್ರು, ಮಂದೀನ ಕೊಂದ್ರು. ಆದ್ರ ಮರಳಿನ ಗಡಿಯಾರ ಏನು ಪಾಪ ಮಾಡಿತ್ತು?" ಎನ್ನುತ್ತಿದ್ದರು. ಸ್ಪೇನಿನ ಹಡಗೊಂದು ಈ ಆಸ್ಟ್ರೇಲಿಯಾದ ನೆತ್ತಿಯ ಪಕ್ಕದಿಂದಲೇ ಹಾದುಹೋಗಿಯೂ, ಇಲ್ಲೊಂದು ಖಂಡವಿದೆಯೆಂದು ತಿಳಿಯದೆ ಮುಂದೆ ಸಾಗಿದ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ಕೊನೆಗೆ ತೊಡೆ ತಟ್ಟಿ ನಗುತ್ತಿದ್ದರು.

ಅವರಿಗೆ ಅತಿ ಪ್ರೀತಿಯದ್ದು ಮಾತ್ರ ನೋಡಲು ಏನೂ ಅಲ್ಲದ ವಸ್ತು: ಹಗ್ಗದ ತುದಿಗೆ ಕಟ್ಟಿದ ಮೂರು ಕಿಲೋ ಸೀಸದ ಗುಂಡು. ನೀರಿಗೆ ಬಿಟ್ಟರೆ ಆಳ ತಿಳಿಯುತ್ತದೆ. ಅದರ ತಳದಲ್ಲಿ ಒಂದು ಗುಳಿ. ಗುಳಿಗೆ ಜಿಡ್ಡು ತುಂಬಿದರೆ ಸಮುದ್ರದ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತದೆ. "ಅವರು ದನದ ಕೊಬ್ಬು ತುಂಬತಿದ್ರು. ನಾವು ಅದನ್ನ ಮುಟ್ಟೂದಿಲ್ಲ, ಬೆಣ್ಣಿ ತುಂಬತೀವಿ," ಎಂದು ಫ್ರಿಜ್ಜಿನಿಂದ ಬೆಣ್ಣೆ ತರುತ್ತಿದ್ದರು. ಆಗೆಲ್ಲ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಎಲ್ಲಿದ್ದೀನಿ ಅಂತ ತಿಳೀಲಿಲ್ಲಂದ್ರ, ಎಲ್ಲಿಲ್ಲ ಅನ್ನೂದನ್ನ ಮೊದ್ಲು ತಿಳ್ಕೋ."

ದೋಣಿಯಲ್ಲಿ ಅವರದು ಇನ್ನೊಂದು ತಮಾಷೆಯ ಶಿಸ್ತಿತ್ತು. ಬೆಳ್ಳುಳ್ಳಿ ತಿಂದವರ ಉಸಿರು ತಾಕಿದರೆ ದಿಕ್ಸೂಚಿಯ ಸೂಜಿ ಕೆಡುತ್ತದೆಂದು ಹಿಂದಿನ ನಾವಿಕರು ನಂಬಿದ್ದರಂತೆ. ಆದ್ದರಿಂದ ಅವರ ರೊಟ್ಟಿ, ಬೆಳ್ಳುಳ್ಳಿ ಚಟ್ನಿಯನ್ನು ನಾವು ದೋಣಿಯ ಹಿಂದಿನ ತುದಿಗೆ ಹೋಗಿ ತಿಂದು, ಕೈ ಮೂಸಿಸಿಕೊಂಡು ಬರಬೇಕಿತ್ತು. ಆ ಭಾನುವಾರವೂ ಮೂಸಿ ನೋಡಿದರು. "ಹ್ಞೂಂ, ಪಾಸ್," ಎಂದರು.

ಮಂಜು ಬಂದಾಗ ಅವರು ಗಾಬರಿಯಾಗಲಿಲ್ಲ. ರೇಡಿಯೋದಲ್ಲಿ ಕರಾವಳಿಯ ರಕ್ಷಣಾ ದಳಕ್ಕೆ ವಿಷಯ ತಿಳಿಸಿ, ಮರಳುಗಡಿಯಾರವನ್ನು ಕಾರ್ತಿಕ್ ಕೈಗೆ ಕೊಟ್ಟರು. "ಅರ್ಧ ತಾಸಿಂದು. ಎರಡು ಸಲ ಮಗುಚಿದ್ರ ಮನಿ. ಪಶ್ಚಿಮಕ್ಕ ಹಿಡೀತೀನಿ. ತಂಗಿ, ಸೂಜಿ ಮ್ಯಾಲೆ ಕಣ್ಣಿಡು."

ಸೂಜಿ ಪಶ್ಚಿಮದಿಂದ ಕದಲದಂತೆ ನಾನು ನೋಡಿಕೊಂಡೆ. ಕದಲಿದಾಗಲೆಲ್ಲ ಕೂಗಿ ಹೇಳಿದೆ. ಒಂದೂವರೆ ಗಡಿಯಾರ ಕಳೆಯುವ ಹೊತ್ತಿಗೆ ಅಂಕಲ್ ಮಾತು ನಿಲ್ಲಿಸಿ, ಕೂತಲ್ಲೇ ಸೊಂಟ ಅಲುಗಿಸಿ ಏನನ್ನೋ ಕೇಳಿಸಿಕೊಳ್ಳುವವರಂತೆ ಕೂತರು.

"ಯಾಕೆ ಅಂಕಲ್?"

"ಮುಂಜಾನಿಂದ ಅಲಿ ಆಗ್ನೇಯದಿಂದ ಬರ್ಲಿಕ್ಕತ್ತದ. ಪಶ್ಚಿಮಕ್ಕ ಹೊಂಟ್ರ ಅದು ನಮ್ಮ ಬೆನ್ನಿಗೆ ಬಡೀಬೇಕು. ಈಗ ಪಕ್ಕಡಿಗೆ ಬಡೀಲಿಕ್ಕತ್ತದಲ್ಲ?" ಚುಕ್ಕಾಣಿಯನ್ನು ಕಾರ್ತಿಕ್‌ಗೆ ಕೊಟ್ಟು ಸೀಸದ ಗುಂಡು ತೆಗೆದರು. ಬೆಣ್ಣೆ ತುಂಬಿ ನೀರಿಗೆ ಬಿಟ್ಟರು. ಮೂವತ್ತು ಮೀಟರಾದರೂ ಆಳ ಇರಬೇಕಾದ ಕಡೆ ಹಗ್ಗ ಹನ್ನೆರಡಕ್ಕೇ ಸಡಿಲಾಯಿತು. ಮೇಲೆಳೆದು ಗುಂಡಿನ ತಳ ನೋಡಿದರು. ಬೆಣ್ಣೆಯಲ್ಲಿ ಒಂದು ಕಣ ಮರಳೂ ಇರಲಿಲ್ಲ. ಉಗುರಿನಲ್ಲಿ ಪರಚಿದಂಥ ಒಂದು ಗೀರು ಇತ್ತು.

"ಕೆಳಗ ಕಲ್ಲು," ಎಂದರು ಮೆಲ್ಲಗೆ.

ಅಷ್ಟರಲ್ಲೇ ನನಗೆ ಅದು ಕೇಳಿಸಿತು. ಈಗಲೂ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಎಸಿಯ ಸದ್ದು ಒಮ್ಮೊಮ್ಮೆ ಹಾಗೆ ಕೇಳಿ ನಾನು ಮೇಜು ಹಿಡಿದುಕೊಳ್ಳುತ್ತೇನೆ. ಮಂಜಿನೊಳಗೆ, ಬಲು ಹತ್ತಿರ, ಯಾವುದೋ ದೊಡ್ಡ ಜೀವಿ ಉಸಿರೆಳೆದು, ತಡೆದು, ಬಿಟ್ಟಂತೆ. ಅಲೆ ಬಂಡೆಗೆ ಒಡೆಯುತ್ತಿತ್ತು. ಬಿಳಿ ನೊರೆ ಕಂಡಿತು. ಅದರ ಹಿಂದೆ ಕಪ್ಪಗೆ ಏನೋ.

"ಸೂಜಿ ಪಶ್ಚಿಮಾನೇ ತೋರಿಸ್ತಿದೆ ಅಂಕಲ್! ಕರೆಕ್ಟಾಗಿದೆ!" ಎಂದು ನಾನು ಕಿರುಚಿದೆ.

"ಸೂಜಿ ಹೌದು ಅಂತದ, ಸೀಸ ಅಲ್ಲ ಅಂತದ. ನಾ ಸೀಸದ ಕಡಿ." ಚುಕ್ಕಾಣಿ ಕಸಿದುಕೊಂಡು ಪೂರ್ತಿ ತಿರುಗಿಸಿದರು. ಹಾಯಿಯ ಅಡ್ಡಮರ ನಮ್ಮ ತಲೆಯ ಮೇಲಿಂದ ಬೀಸಿಹೋಯಿತು. ದೋಣಿ ಒಂದು ಪಕ್ಕಕ್ಕೆ ವಾಲಿ ಮೊಣಕಾಲವರೆಗೆ ನೀರು ನುಗ್ಗಿತು. ಒಂದು ಅಲೆ ನಮ್ಮನ್ನು ಹಿಂದಕ್ಕೆ, ಆ ಸದ್ದಿನ ಕಡೆಗೆ ಎಳೆಯಿತು. ಎರಡನೆಯದೂ ಎಳೆಯಿತು. ಮೂರನೆಯದಕ್ಕೆ ಹಾಯಿ ಗಾಳಿ ಹಿಡಿಯಿತು.

"ಸೂಜಿ ನೋಡಬ್ಯಾಡ್ರಿ. ಅಲಿಗೆ ಮುಖ ಮಾಡಿ ಹೋಗೋಣು," ಎಂದು ಸಮುದ್ರದ ಕಡೆಗೇ ಹಿಡಿದರು. ಐದೈದು ನಿಮಿಷಕ್ಕೊಮ್ಮೆ ಗುಂಡು ಬಿಟ್ಟರು. ಇಪ್ಪತ್ತು, ಮೂವತ್ತು. ನಲವತ್ತು ಮೀಟರಿನ ಹಗ್ಗ ಪೂರ್ತಿ ಇಳಿದರೂ ತಳ ಸಿಗದಾದಾಗ ಹಾಯಿಯನ್ನು ಅಡ್ಡ ಬಿಗಿದು ದೋಣಿಯನ್ನು ನಿಂತಲ್ಲೇ ತೇಲಲು ಬಿಟ್ಟರು. ಆಮೇಲೆ ರೇಡಿಯೋದಲ್ಲಿ, ಬಂಡೆ ಸಿಕ್ಕ ಹೊತ್ತು, ಅಲ್ಲಿಂದ ಬಂದ ದಿಕ್ಕು, ಆಳ, ಎಲ್ಲವನ್ನೂ ರೋಗಿಯ ಚಾರ್ಟ್ ಓದಿದ ಹಾಗೆ ಓದಿದರು. ಇಷ್ಟರೊಳಗೆ ಹುಡುಕಿ ಎಂದು ಕೊನೆಗೆ ಇಂಗ್ಲಿಷಿನಲ್ಲಿ ಹೇಳಿ, ನಮ್ಮ ಕಡೆ ತಿರುಗಿ, "ಪೂಜಿ ಗಂಟಿ ಎಲ್ಲದ? ಬಾರಿಸೋ ತಮ್ಮಾ. ಮಂಗಳಾರತಿ ಅಂತ ತಿಳ್ಕೋ," ಎಂದರು.

ಕಾರ್ತಿಕ್ ಗಂಟೆ ಬಾರಿಸಿದ. ಕೈ ಸೋತಾಗ ನಾನು ಬಾರಿಸಿದೆ. ಐದು ಗಂಟೆ ದಾಟಿದ ಮೇಲೆ, ಗಂಟೆಯ ಸದ್ದು ಹಿಡಿದು ರಕ್ಷಣಾ ದಳದ ಹಳದಿ ದೋಣಿ ಮಂಜಿನಿಂದ ಹೊರಬಂತು.

ಇಲ್ಲಿಯವರೆಗಿನದನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಇನ್ನು ಮುಂದಿನದನ್ನು ಹೇಳಿರಲಿಲ್ಲ.

ನಮ್ಮನ್ನು ಪಿಟ್‌ವಾಟರ್ ಕೊಲ್ಲಿಗೆ ಎಳೆದು ತಂದು ಕಟ್ಟೆಗೆ ಕಟ್ಟಿದ ಮೇಲೆ ಚೀಲ ತರಲು ಕ್ಯಾಬಿನ್ನಿನೊಳಗೆ ಹೋದೆ. ಅಲ್ಲಿ ನನ್ನ ಗಣಪ ಇದ್ದ. ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸುವ, ಅಡಿಯಲ್ಲಿ ಮ್ಯಾಗ್ನೆಟ್ ಇರುವ ಹೆಬ್ಬೆರಳಿನಷ್ಟು ಗಣಪ. ಪೂಜೆಯ ದಿನ ದೋಣಿಗೂ ಒಂದು ಇರಲಿ ಎಂದು ನಾನೇ ಒಯ್ದಿದ್ದೆ. ಫೈಬರಿನ ದೋಣಿಗೆ ಮ್ಯಾಗ್ನೆಟ್ ಎಲ್ಲೂ ಹಿಡಿಯಲಿಲ್ಲ. ಕ್ಯಾಬಿನ್ನಿನ ಒಳಗೋಡೆಗೆ ಟೇಪ್ ಹಾಕಿ, ಯಾರ ಕಣ್ಣಿಗೂ ಅಡ್ಡಿಯಾಗದಂತೆ ಅಂಟಿಸಿದ್ದೆ. ಈಗ ಕಿತ್ತು ಕೈಯಲ್ಲಿ ಹಿಡಿದು ಹೊರಬಂದೆ. ಅದೇ ಗೋಡೆಯ ಹೊರಮೈಯಲ್ಲಿ ದಿಕ್ಸೂಚಿ ಇತ್ತು. ಅದರ ಮುಂದೆ ಹಾಯುವಾಗ ಒಳಗಿನ ಸೂಜಿ ನನ್ನ ಕೈಯ ಜೊತೆಜೊತೆಗೇ ತಿರುಗಿತು. ಕೈ ನಿಲ್ಲಿಸಿದೆ, ನಿಂತಿತು. ಹಿಂದಕ್ಕೆ ತಂದೆ, ಹಿಂದಕ್ಕೆ ಬಂತು.

ಕಟ್ಟೆಯ ಮೇಲೆ ರಕ್ಷಣಾ ದಳದವನು ಅಂಕಲ್‌ಗೆ ಕಂಬಳಿ ಹೊದೆಸಿ, ದಿಕ್ಸೂಚಿಗೆ ಏನಾಗಿತ್ತು ಎಂದು ಕೇಳುತ್ತಿದ್ದ. ಅವರು ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. "ಮೈ ಮಿಸ್ಟೇಕ್, ಮೇಟ್. ಸರಿಯಾಗೇ ಇತ್ತು. ನಾನೇ ತಪ್ಪು ಹಿಡಿದೆ," ಎಂದರು.

ನಾನು ಗಣಪನನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ದೇವರ ದಯೆ ಎಂದರು, ಇನ್ನೊಬ್ಬರು ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಎಂದರು. ಮೆಲ್ಬರ್ನಿನಿಂದ ಅವರ ಮಗಳು ಬಂದಳು. ದೋಣಿ ಮಾರಿ ಹೋಯಿತು. ಗ್ಯಾರೇಜು ಖಾಲಿ ಮಾಡುವಾಗ ಸೀಸದ ಗುಂಡನ್ನು ಅಂಕಲ್ ನನ್ನ ಕೈಗಿಟ್ಟರು. "ನನಗಿನ್ನ ಬ್ಯಾಡವಾ. ಅವತ್ತು ಸೂಜಿ ಒಂದು ಹೇಳಿತು, ನಾ ಒಂದು ಓದಿದೆ. ತಲಿ ಸವೀಲಿಕ್ಕತ್ತದ." ಮಗಳ ಜೊತೆ ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನಿಗೆ ಹೊರಟರು. ನಾನು ಕೈ ಬೀಸಿದೆ.

ಸೂಜಿಯನ್ನು ಓದಿದವಳು ನಾನು ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ದಿನಾ ಬೆಳಗಿನ ಜಾವ ಆ ಉಸಿರಿನ ಸದ್ದಿಗೆ ಎದ್ದು ಕೂರುತ್ತಿದ್ದೆ. ಕಾರ್ತಿಕ್‌ಗೆ ಹೇಳಿದಾಗ ಅವನು, "ಈಗ ಹೇಳಿ ಏನ್ ಮಾಡ್ತೀಯಾ? ಬೋಟ್ ಹೋಯ್ತು, ಅವರು ಮೂವ್ ಆದ್ರು. ಬಿಟ್ಬಿಡು," ಎಂದ. ಬಿಟ್ಟೆ. ನಿದ್ದೆ ಮಾತ್ರ ನನ್ನನ್ನು ಬಿಟ್ಟೇಹೋಯಿತು.

ಆರು ತಿಂಗಳ ಮೇಲೆ ಮಗಳ ಫೋನು ಬಂತು. "ನೀವೊಂದ್ಸಲ ಮಾತಾಡಿ ನೋಡಿ. ಮೆಮೊರಿ ಟೆಸ್ಟ್ ಎಲ್ಲ ನಾರ್ಮಲ್ ಬಂದಿದೆ. ಆದ್ರೂ ಅಪ್ಪ ನಂಬ್ತಾ ಇಲ್ಲ. ಒಬ್ರೇ ರಸ್ತೆ ಕ್ರಾಸ್ ಮಾಡಲ್ಲ. ಸ್ಟವ್ ಹಚ್ಚಲ್ಲ. ಇವತ್ತು ಯಾವ ವಾರ ಅಂತ ಮೂರು ಸಲ ಕೇಳ್ತಾರೆ, ಗೊತ್ತಿದ್ರೂ."

ಆ ಶನಿವಾರವೇ ಮೆಲ್ಬರ್ನಿಗೆ ಹಾರಿದೆ.

ಕ್ರಾನ್‌ಬರ್ನಿನ ಹೊಸ ಬಡಾವಣೆಯ ಮನೆ. ಅಂಕಲ್ ಕಿಟಕಿಯ ಪಕ್ಕ ಕೂತಿದ್ದರು. ಅಂಗಿಯ ಜೇಬಿನಲ್ಲಿ, ಮರೆಯದಿರಲೆಂದು ಬರೆದುಕೊಂಡ ಚೀಟಿಗಳ ಕಟ್ಟು. "ಬಾರವಾ, ಕೂಡು," ಎಂದರು. ನಾನು ಕೂರಲಿಲ್ಲ. ಕೂತರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. "ಅಂಕಲ್, ನಿಮ್ಮ ಗ್ಯಾರೇಜಿನ ಹಳೇ ದಿಕ್ಸೂಚಿ ಇದೆಯಾ?" ಎಂದೆ. ಮಗಳು ಪೆಟ್ಟಿಗೆಯಿಂದ ಹುಡುಕಿ ತಂದು ಮೇಜಿನ ಮೇಲಿಟ್ಟಳು. ನಾನು ಪರ್ಸಿನಿಂದ ಗಣಪನನ್ನು ತೆಗೆದು ಅದರ ಪಕ್ಕ ಇಟ್ಟೆ.

ಸೂಜಿ ಗಿರಕ್ಕನೆ ತಿರುಗಿತು.

"ಇದು ದೋಣಿಯಲ್ಲಿತ್ತು ಅಂಕಲ್. ದಿಕ್ಸೂಚಿಯ ಬೆನ್ನಿಗೆ, ಒಳಗೋಡೆಯಲ್ಲಿ. ನಾನೇ ಅಂಟಿಸಿದ್ದು. ಅವತ್ತೇ ಗೊತ್ತಾಯ್ತು ನಂಗೆ. ಹೇಳ್ಲಿಲ್ಲ."

ಅವರು ಗಣಪನನ್ನು ಎತ್ತಿದರು, ಇಟ್ಟರು. ಮತ್ತೆ ಎತ್ತಿದರು. ಸೂಜಿ ಹೋಯಿತು, ಬಂತು.

"ಆರು ತಿಂಗಳು, ತಂಗಿ," ಎಂದರು. ಅವರ ದನಿ ನಾನು ಎಂದೂ ಕೇಳದ ದನಿಯಾಗಿತ್ತು. "ದಿನಾ ಮುಂಜಾನಿ ಹಾಸಿಗ್ಯಾಗ ಮಗಳ ಹೆಸರು ಒಮ್ಮೆ ಅಂದು ನೋಡ್ತಿದ್ದೆ. ಮರ್ತದೇನೋ ಅಂತ. ಆಮ್ಯಾಲೆ ಏಳ್ತಿದ್ದೆ."

ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ತೆರೆದು ಹೊರಟುಹೋದರು. ಒಬ್ಬರೇ. ಕಿಟಕಿಯಿಂದ ನೋಡಿದೆವು. ರಸ್ತೆಯಂಚಿನಲ್ಲಿ ನಿಂತರು. ಒಂದು ಕಾರು ಹೋಯಿತು, ಇನ್ನೊಂದು ಹೋಯಿತು. ದಾಟಿದರು. ಮೂಲೆಯಲ್ಲಿ ತಿರುಗಿ ಮರೆಯಾದರು. ಮಗಳು ಹಿಂದೆ ಹೋಗಲು ಬಾಗಿಲವರೆಗೆ ಓಡಿ, ಅಲ್ಲೇ ನಿಂತಳು.

ನಲವತ್ತು ನಿಮಿಷದ ಮೇಲೆ ಬಂದರು. ಕೈಯಲ್ಲಿ ಅರ್ಧ ಕಿಲೋ ಬೆಣ್ಣೆ.

"ಸೀಸದ ಗುಂಡು ಎಲ್ಲಿಟ್ಟೀ?"

"ಎಪ್ಪಿಂಗಲ್ಲಿ, ಶೂ ರ್‍ಯಾಕ್ ಕೆಳಗೆ."

"ಶೂ ರ್‍ಯಾಕ್!" ಎಂದು ಮಗಳ ಕಡೆ ನೋಡಿದರು. "ಕೇಳಿದೇನು? ಜೀವ ಉಳಿಸಿದ್ದನ್ನ ಚಪ್ಪಲಿ ಕೆಳಗ ಇಟ್ಟಾಳ. ವಾಪಸ್ ಕೊಡು. ಇಲ್ಲೂ ಒಂದು ಕೊಲ್ಲಿ ಅದ, ತಳ ನೋಡಬೇಕು." ಆಮೇಲೆ ನನ್ನ ಮುಖ ನೋಡಿ, "ತಪ್ಪು ನಿಂದು ಹೌದು. ನಂದೂ ಅದ. ಹೊರಡೂ ಮೊದ್ಲು ಸೂಜಿ ಹಿಂದ ಏನದ ಅಂತ ನೋಡೂದು ನನ್ನ ಕೆಲಸ. ನಿಮ್ಮ ಕೈ ಮೂಸೂದರಾಗ ಮರ್ತೆ. ಬೆಳ್ಳುಳ್ಳಿ ಪಾಪ, ನಿರಪರಾಧಿ," ಎಂದರು. ನಗಲಿಲ್ಲ. ಮಗಳು ನಕ್ಕಳು, ಅಳುತ್ತಲೇ.

ಚಹಾ ಆದ ಮೇಲೆ ಅವರೊಂದು ಕೆಲಸ ಮಾಡಿದರು. ದಿಕ್ಸೂಚಿಯನ್ನು ಮೇಜಿನ ಒಂದು ತುದಿಯಲ್ಲಿಟ್ಟು, ಗಣಪನನ್ನು ಒಂದೊಂದೇ ಬೆರಳಷ್ಟು ಹಿಂದಕ್ಕೆ ಸರಿಸುತ್ತ ಹೋದರು. ಸೂಜಿ ಪೂರ್ತಿ ಅಲುಗಾಟ ನಿಲ್ಲಿಸಿದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಗಣಪನನ್ನು ಆ ಗೆರೆಯ ಆಚೆ ಕೂರಿಸಿ ಕೈ ಮುಗಿದರು. ಜೇಬಿನ ಚೀಟಿಗಳನ್ನೆಲ್ಲ ತೆಗೆದು ಅವನ ಮುಂದಿಟ್ಟರು.

ಎಪ್ಪಿಂಗಿನ ಆ ಗ್ಯಾರೇಜಿನಲ್ಲಿ ಈಗ ಬೇರೆ ಯಾರದೋ ಕಾರು ನಿಲ್ಲುತ್ತದೆ. ಅವರು ಮತ್ತೆ ದೋಣಿ ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲವೇನೋ. ಕ್ರಾನ್‌ಬರ್ನಿನಿಂದ ಒಬ್ಬರೇ ಬಸ್ಸು ಹಿಡಿದು, ರೈಲು ಹತ್ತಿ, ಸಮುದ್ರದ ಕಟ್ಟೆಗೆ ಹೋಗಿ ಗುಂಡು ಬಿಡುತ್ತಾರೆಂದು ಮಗಳು ಹೇಳುತ್ತಾಳೆ. ಮೀನು ಹಿಡಿಯುವವರು ಏನು ಸಿಕ್ಕಿತೆಂದು ಕೇಳಿದರೆ ಬೆಣ್ಣೆಗೆ ಅಂಟಿದ ಮರಳು ತೋರಿಸುತ್ತಾರಂತೆ.

ಆ ಶನಿವಾರ ನಾನು ಅಲ್ಲೇ ಉಳಿದೆ. ಮಲಗಲು ಹೋಗುವಾಗ ಅಂಕಲ್ ಬಾಗಿಲಿಗೆ ಬಂದು ನಿಂತರು. ನನ್ನ ಕಣ್ಣ ಕೆಳಗಿನ ಕಪ್ಪನ್ನು ಡಾಕ್ಟರಂತೆ ನೋಡಿದರು.

"ಯಾವಾಗಿಂದ ನಿದ್ದಿಲ್ಲ?"

"ಅವತ್ತಿಂದ."

"ಹತ್ತರಿಂದ ಹಿಂದಕ್ಕ ಎಣಸು," ಎಂದು ಅವರೇ ದೀಪ ಆರಿಸಿದರು.

ಆರಕ್ಕೆ ಬಂದದ್ದು ನೆನಪಿದೆ. ಕಣ್ಣು ಬಿಟ್ಟಾಗ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷವಾಗಿತ್ತು.